ಬಣ್ಣ ಉಳಿಸಿದರು, ಕಾವು ಕಿತ್ತುಕೊಂಡರು



ಕೋಳಿ ಬಗ್ಗೆ ಬರೀತೀನಿ ಅಂದ್ರೆ ಕೆಲವರು ನಗಬಹುದು. ನಗ್ರಿ, ಆದರೆ ಪೂರ್ತಿ ಓದಿ ನಗ್ರಿ.

ಹೋದ ವಾರ ಆಫೀಸಿನಲ್ಲಿ ಮಗ್ಗುಲ ಟೇಬಲ್ಲಿನವರು ಕೇಳಿದರು: "ನಿಮ್ಮ ಕೇರ್ಯಾಗ ಒರಿಜಿನಲ್ ಜವಾರಿ ಹುಂಜ ಸಿಗತಾವಲ್ರಿ, ಒಂದು ತಂದುಕೊಡ್ರಿ. ಕೆಂಪ ಕುತ್ತಿಗಿ, ಕರಿ ಬಾಲ ಇರಬೇಕ್ ನೋಡ್ರಿ. ಬಿಳೇದು ಬ್ಯಾಡ." ನಾವಿಬ್ಬರೂ ಒಂದೇ ಕೋಣೆಯಲ್ಲಿ ಕೂತು ಹನ್ನೊಂದು ವರ್ಷ ಆಯ್ತು. ನಮ್ಮ ಮನೆಯ ನೀರು ಇನ್ನೂ ಅವರ ಗಂಟಲಲ್ಲಿ ಇಳಿದಿಲ್ಲ. ಹುಂಜ ಮಾತ್ರ ಇಳಿಯುತ್ತೆ, ಅದೂ ಬಣ್ಣ ನೋಡಿ.

ಇದೇ ಬಣ್ಣದ ಲೆಕ್ಕ ಸಂತೆಯಲ್ಲೂ ಐತಿ. ನಮ್ಮ ಚಿಗವ್ವ ಒಂದು ಬಿಳಿ ಕೋಳಿ ಮಾರಾಕ ಹೋಗಿದ್ದಳು. ಅವಳದೇ ಕೋಳಿ ಕಾವು ಕೊಟ್ಟು ಎಬ್ಬಿಸಿದ್ದು, ಅವಳದೇ ತಿಪ್ಪೆ ಕೆದರಿ ಬೆಳೆದದ್ದು. ವ್ಯಾಪಾರಿ ನೋಡಿದವನೇ "ಫಾರ್ಮ್ ಕೋಳಿ ಐತಿ ಇದು" ಅಂದು ಬ್ರಾಯ್ಲರ್ ರೇಟ್ ಹೇಳಿದ. ಅವನ ಬುಟ್ಟಿಯಲ್ಲಿ ಇದ್ದವು ಹ್ಯಾಚರಿಯಲ್ಲಿ ಹುಟ್ಟಿ, ಶೆಡ್ಡಿನಲ್ಲಿ ಫೀಡ್ ತಿಂದು ಬೆಳೆದ ಕೆಂಪು-ಕಂದು ಕೋಳಿ. ಅವು ಜವಾರಿಯಂತೆ! ರೇಟು ಎರಡು ಪಟ್ಟು. ನಿಜವಾದ ಜವಾರಿ ಬಣ್ಣದ ಪರೀಕ್ಷೆಯಲ್ಲಿ ಫೇಲು, ವೇಷ ಹಾಕಿದ್ದು ಪಾಸು. ಚಿಗವ್ವ ಕೋಳಿ ವಾಪಸ್ ತಂದಳು, ಬಸ್ ಚಾರ್ಜ್ ಮೈಮೇಲೆ ಬಂತು.

ಫಾರ್ಮ್ ಕೋಳಿ ಯಾಕ ಬಿಳಿ ಅಂದ್ರೆ, ಪುಕ್ಕ ಕಿತ್ತಾಗ ಚರ್ಮದ ಮೇಲೆ ಕರಿ ಮೊಳಕೆ ಉಳಿಯಬಾರದು, ಮಾಂಸ ನೋಡಾಕ ಚೊಕ್ಕ ಕಾಣಬೇಕು ಅಂತ ಕಂಪನಿಗಳು ಬಿಳಿಯನ್ನೇ ಆರಿಸಿ ಆರಿಸಿ ಬೆಳೆಸಿದವು. ಜನ ಬಿಳಿಗೆ ಬೇಸತ್ತು ಬಣ್ಣ ಕೇಳಿದಾಗ ಬಣ್ಣದ ತಳಿಯನ್ನೂ ಅವರೇ ಮಾಡಿಕೊಟ್ಟರು.

ನಮ್ಮವ್ವನೂ ಬಣ್ಣ ನೋಡುತ್ತಿದ್ದಳು, ಇಲ್ಲ ಅನ್ನಲ್ಲ. ನಮ್ಮಲ್ಲಿ ಕರಿ, ಕೆಂಪು, ಬೂದಿ, ಚುಕ್ಕಿ, ಕುತ್ತಿಗೆಗೆ ಪುಕ್ಕ ಇಲ್ಲದ ಬೋಳಗುತ್ತಿಗಿ, ಎಲ್ಲಾ ಇದ್ದವು. ಬಿಳಿ ಮರಿ ಹದ್ದಿನ ಕಣ್ಣಿಗೆ ದೂರದಿಂದಲೇ ಬೀಳುತ್ತೆ, ಮಣ್ಣಿನ ಬಣ್ಣದ್ದು ತಪ್ಪಿಸಿಕೊಳ್ಳುತ್ತೆ ಅನ್ನೋದು ಅವಳಿಗೆ ಗೊತ್ತಿತ್ತು. ಆದರೆ ಮುಂದಿನ ಸಲಕ್ಕೆ ಯಾವ ಕೋಳಿ ಇಟ್ಟುಕೊಳ್ಳಬೇಕು ಅನ್ನುವಾಗ ಅವಳ ಮೊದಲ ಪ್ರಶ್ನೆ ಒಂದೇ: "ಹನ್ನೆರಡು ತತ್ತಿ ಇಟ್ಟರ ಎಷ್ಟು ಮರಿ ಎಬ್ಬಿಸತೈತಿ? ಎಷ್ಟು ಉಳಿಸತೈತಿ?" ಚಲೋ ಕಾವು ಕೂಡ್ರೋ ಕೋಳಿಯನ್ನ ಕೇರಿಯ ಹೆಂಗಸರು ಪಾಲಿಗೆ ಕೊಡತಿದ್ದರು. ಮರಿ ಆದ ಮೇಲೆ ಅರ್ಧ ನಿನಗ, ಅರ್ಧ ನನಗ. ಹೊಲ ಇಲ್ಲ, ಬಾವಿ ಇಲ್ಲ, ಬ್ಯಾಂಕ್ ಬಾಗಿಲು ಗೊತ್ತಿಲ್ಲದ ಹೆಂಗಸಿಗೆ ಯಾರ ಮುಂದೂ ಕೈ ಚಾಚದೆ ಬೆಳೆಯುವ ಆಸ್ತಿ ಅದೊಂದೇ. ನನ್ನ ಬಿ.ಎ. ಪರೀಕ್ಷೆ ಫೀ ಅದರಿಂದಲೇ ಕಟ್ಟಿದ್ದು.

ಈಗ ಸರ್ಕಾರದ ಮರಿಗೆ ಬರ್ತೀನಿ. 1980ರ ದಶಕದ ಕೊನೆಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಗಿರಿರಾಜ ತಳಿ ಕೊಟ್ಟರು. ಆಮೇಲೆ ಸ್ವರ್ಣಧಾರ ಬಂತು, ಹೈದರಾಬಾದಿನಿಂದ ವನರಾಜ ಬಂತು. ಹಳ್ಳಿಯವರು ಬಿಳಿ ಒಪ್ಪಲ್ಲ, ಹಿತ್ತಲಲ್ಲಿ ಹದ್ದು-ನಾಯಿ ಕಾಟ ಅಂತ ಇವಕ್ಕೆಲ್ಲ ಬಹುಬಣ್ಣದ ಪುಕ್ಕ ಬರುವಂತೆ ಆರಿಸಿದರು. ಒಳ್ಳೆ ಕೆಲಸ. ತೂಕನೂ ಬೇಗ ಬರುತ್ತೆ. ಜವಾರಿ ವರ್ಷಕ್ಕೆ 50-60 ತತ್ತಿ ಇಟ್ಟರೆ ಗಿರಿರಾಜ ಸುಮಾರು 140-150 ಇಡುತ್ತೆ. ನಾನು ವಿಜ್ಞಾನದ ವಿರೋಧಿ ಅಲ್ಲ, ಬಾಬಾಸಾಹೇಬರ ಮಕ್ಕಳು ಹಂಗ ಆಗಾಕ ಬರೂದೂ ಇಲ್ಲ.

ಆದರೆ ಹೆಚ್ಚಿನ ತತ್ತಿ ಪುಕ್ಕಟೆ ಬರಲಿಲ್ಲ. ಕೋಳಿ ಕಾವಿಗೆ ಕೂತರೆ 21 ದಿನ ತತ್ತಿ ಬಂದ್, ಮರಿ ತಿರುಗಿಸೋವಾಗ ಇನ್ನೂ ಎರಡು ತಿಂಗಳು ಬಂದ್. ತತ್ತಿ ಎಣಿಸುವವನಿಗೆ ಇದು ನಷ್ಟ. ಹಂಗಾಗಿ ಕಾವಿನ ಗುಣವೇ ತಳಿಯಿಂದ ಹೋಗುತ್ತಾ ಬಂತು. ಸ್ಕೀಮಿನ ಕೋಳಿ ತತ್ತಿ ಇಟ್ಟು ಹೊಳ್ಳಿ ನೋಡದೆ ಹೋಗುತ್ತೆ. ಜವಾರಿ ಕೋಳಿ ಕೆಳಗಿಟ್ಟು ಮರಿ ಮಾಡಿಸಿದರೂ ಆ ಮರಿ ತಾಯಿಯಂತೆ ಬರಲ್ಲ, ತೂಕ-ತತ್ತಿ ಇಳಿಯುತ್ತೆ. ಮತ್ತೆ ಹ್ಯಾಚರಿಗೇ ಹೋಗಬೇಕು, ಮತ್ತೆ ಅರ್ಜಿ, ಮತ್ತೆ ಜಾತಿ ಪ್ರಮಾಣಪತ್ರದ ಜೆರಾಕ್ಸ್. ನಮ್ಮ ಕಣ್ಣಿಗೆ ಒಪ್ಪುವ ಬಣ್ಣ ಉಳಿಸಿದರು, ನಮ್ಮನ್ನ ಸ್ವತಂತ್ರ ಇಟ್ಟಿದ್ದ ಗುಣ ತೆಗೆದರು. ಇದನ್ನ ಯಾರಾದರೂ ನಮ್ಮ ಅವ್ವಗಳನ್ನ ಕೇಳಿ ಮಾಡಿದರಾ?

ಬಣ್ಣ ನೋಡಿ ಗುಣ ಅಳೆಯೋದು ಈ ದೇಶದ ಹಳೇ ಕಾಯಿಲೆ. 'ವರ್ಣ' ಅಂದ್ರೇನು, ಬಣ್ಣವೇ ಅಲ್ಲವೇ? ಮೆಂಡೆಲ್ ನಿಯಮ ಪ್ರಾಣಿಗಳಿಗೂ ಅನ್ವಯಿಸುತ್ತೆ ಅಂತ 1902ರಲ್ಲಿ ಬೇಟ್‌ಸನ್ ತೋರಿಸಿದ್ದು ಕೋಳಿಗಳಿಂದಲೇ. ಅದರಲ್ಲಿ ಆಂಡಲೂಸಿಯನ್ ಅನ್ನೋ ನೀಲಿ ಕೋಳಿಯ ಕಥೆ ಕೇಳ್ರಿ. (ನೀಲಿ ಅಂದಕೂಡಲೇ ನನಗೆ ಖುಷಿ ಆಯ್ತು, ಸುಳ್ಳು ಯಾಕ ಹೇಳಲಿ.) ನೀಲಿಗೆ ನೀಲಿಯನ್ನೇ ಕೂಡಿಸಿದರೆ ಅರ್ಧದಷ್ಟು ಮರಿ ಮಾತ್ರ ನೀಲಿ, ಕಾಲು ಭಾಗ ಕರಿ, ಕಾಲು ಭಾಗ ಕಲೆಕಲೆಯ ಬಿಳಿ. ಎಲ್ಲಾ ಮರಿ ನೀಲಿಯೇ ಬೇಕಂದ್ರೆ ಕರಿಗೂ ಆ ಬಿಳಿಗೂ ಗಂಟು ಹಾಕಬೇಕು! ಶುದ್ಧಿ ಶುದ್ಧಿ ಅಂತ ಒಳಗೊಳಗೇ ಕೂಡಿಸುವವರಿಗೆ ಕೋಳಿ ಕೊಟ್ಟ ಉತ್ತರ ಇದು. ಜಾತಿಯಿಂದ ತಳಿ ಸುಧಾರಿಸುತ್ತೆ ಅನ್ನುವವರ ವಾದವನ್ನ ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಪುಡಿ ಮಾಡಿದ್ದಾರೆ, ಓದದವರು ಓದ್ರಿ.

ಪುಕ್ಕದ ಬಣ್ಣ ನೋಡಿ ಕಾವು ಹೇಳಾಕ ಬರಲ್ಲ, ರೋಗ ತಡೆಯೋ ಶಕ್ತಿನೂ ಹೇಳಾಕ ಬರಲ್ಲ. ಆದರೂ ಬಣ್ಣಕ್ಕೇ ರೊಕ್ಕ. ಝಾಬುವಾದ ಭೀಲ ಆದಿವಾಸಿಗಳು ಸಾಕಿದ ಕಪ್ಪು ಕಡಕ್‌ನಾಥ್‌ಗೆ 2018ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಮರುವರ್ಷವೇ ನಮ್ಮ ಪಕ್ಕದ ಸಾಂಗ್ಲಿ ಕಡೆ ಅದೇ ಕಪ್ಪು ಬಣ್ಣ ತೋರಿಸಿ ರೈತರ ರೊಕ್ಕ ಮುಳುಗಿಸಿದ್ದು ಪೇಪರ್ ಓದಿದವರಿಗೆ ನೆನಪಿರಬೇಕು.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಸ್ಕೀಮಿನಲ್ಲಿ ಮರಿ ಕೊಡೋದಾದರೆ ಕಾವು ಕೂಡ್ರೋ ಜವಾರಿ ಕೊಡ್ರಿ, ಅದನ್ನ ನಮ್ಮ ಕೇರಿಯ ಹೆಂಗಸರಿಂದಲೇ ಖರೀದಿ ಮಾಡ್ರಿ. ಅದಕ್ಕಿಂತ ಮೊದಲು ಕೊಕ್ಕರೆ ರೋಗದ ಲಸಿಕೆ ಕೇರಿಗೆ ತರ್ರಿ. ಒಂದು ಬಾಟ್ಲಿಯಲ್ಲಿ ನೂರು ಕೋಳಿಯ ಡೋಸ್ ಇರುತ್ತೆ, ಒಡೆದರೆ ಅವತ್ತೇ ಮುಗಿಸಬೇಕು. ಆರು ಕೋಳಿ ಇರೋ ಮುದುಕಿ ದವಾಖಾನಿಗೆ ಹೋದರೆ "ನೂರು ಕೋಳಿ ಕೂಡಿಸ್ಕೊಂಡ್ ಬಾ" ಅಂತಾರೆ. ಕೇರಿಗೊಂದು ದಿನ ಗೊತ್ತು ಮಾಡಿದರೆ ನೂರಲ್ಲ, ಮುನ್ನೂರು ಕೂಡ್ತಾವು. ಬಣ್ಣದ ಮರಿ ಹಂಚಿ ಫೋಟೋ ಹೊಡಸ್ಕೊಳ್ಳೋ ಖರ್ಚಿನಲ್ಲೇ ಇದಾಗುತ್ತೆ.

ಮನವಿ ಬರೆದಿಟ್ಟೀನಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ತಾಲೂಕಿನ ಗೆಳೆಯರು ನಿಮ್ಮ ನಿಮ್ಮ ಕೇರಿಯ ಅವ್ವ, ಚಿಗವ್ವ, ಅತ್ತಿಗೆಮ್ಮಂದಿರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ ಕಳಸ್ರಿ. ಜತೆಗೆ ನಿಮ್ಮ ಮನೆಯ ಕೋಳಿ ಹೋದ ಸಲ ಎಷ್ಟು ತತ್ತಿಗೆ ಕೂತಿತ್ತು, ಎಷ್ಟು ಮರಿ ಎಬ್ಬಿಸಿತು, ಎಷ್ಟು ಉಳಿದವು ಅಂತ ಕೆಳಗೆ ಕಾಮೆಂಟಿನಲ್ಲಿ ಬರೀರಿ. ಫೋಟೋ ಬ್ಯಾಡ್ರಿ.

ಜೈಭೀಮ್.