ಗಲ್ಲಾದ ಹಣವೆಲ್ಲ ನಮ್ಮದಲ್ಲ



ನಮ್ಮ ಮಕ್ಕಳು ಇಂಜಿನಿಯರಿಂಗ್ ಓದಿದ್ದಾರೆ, ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ್ದಾರೆ. ಗಲ್ಲಾದಲ್ಲಿ ಕೂತರೆ ಬಿಲ್ಲಿಂಗ್ ಯಂತ್ರವನ್ನು ನಮಗಿಂತ ಚುರುಕಾಗಿ ನಡೆಸುತ್ತಾರೆ. ಆದರೆ ಆಡಿಟರ್ ಕಳಿಸಿದ ಬ್ಯಾಲೆನ್ಸ್ ಶೀಟನ್ನು ಮುಂದಿಟ್ಟರೆ, ಕೊನೆಯ ಸಾಲು ನೋಡಿ ಸಹಿ ಹಾಕುವವರೇ ಹೆಚ್ಚು. ನಾವೂ ಬಹಳ ಕಾಲ ಹಾಗೆಯೇ ಮಾಡುತ್ತ ಬಂದವರು, ಅದು ಬೇರೆ ಮಾತು.

ಅದರ ಫಲವನ್ನೂ ಉಂಡಿದ್ದೇವೆ. ಒಂದು ಮದುವೆ ಸೀಸನ್ನಿನಲ್ಲಿ ಕೇಟರಿಂಗಿಗೆ ಬಂದ ಮುಂಗಡವನ್ನು ಲಾಭವೆಂದೇ ತಿಳಿದು ಹೊಸ ಫ್ರೀಜರ್ ಕೊಂಡೆವು. ಮದುವೆಯ ವಾರ ದಿನಸಿಗೆ ಹಣವಿಲ್ಲ! ಕೈಸಾಲ ಮಾಡಿ ಒಲೆ ಹೊತ್ತಿಸಬೇಕಾಯಿತು. ಊಟ ಬಡಿಸುವ ತನಕ ಮುಂಗಡವೆಂಬುದು ಗಿರಾಕಿಯ ಋಣ ಎಂದು ಆಗ ಅರ್ಥವಾಯಿತು.

ಈಗ 'ಆಗ್ಮೆಂಟೆಡ್ ರಿಯಾಲಿಟಿ' ಎಂಬ ತಂತ್ರವಿದೆ. ಹೆಸರು ದೊಡ್ಡದು, ಸಂಗತಿ ಸರಳ. ಮೊಬೈಲ್ ಕ್ಯಾಮೆರಾ ಎದುರಿನ ವಸ್ತುವನ್ನು ಗುರುತಿಸಿ, ತೆರೆಯ ಮೇಲೆ ಅದರ ಪಕ್ಕದಲ್ಲೇ ಅಕ್ಷರ, ಅಂಕಿ, ಚಿತ್ರ ಮೂಡಿಸುತ್ತದೆ. 2016ರಲ್ಲಿ ಮಕ್ಕಳು ಪೋಕೆಮಾನ್ ಗೋ ಆಡುತ್ತ ಬೀದಿ ಅಲೆದದ್ದು ಇದರ ಮೋಡಿಯಿಂದಲೇ. ಕಾಮರ್ಸ್ ಓದದ ವಿದ್ಯಾರ್ಥಿಗಳಿಗೆ ಲೆಕ್ಕಶಾಸ್ತ್ರ ಕಲಿಸಲು ಇದನ್ನು ಬಳಸುವ ಪ್ರಯತ್ನಗಳು ನಡೆದಿವೆ. ನಮ್ಮನ್ನು ಕೇಳಿದರೆ, ಅದಕ್ಕೆ ಹೋಟೆಲಿನ ಉಗ್ರಾಣಕ್ಕಿಂತ ಒಳ್ಳೆಯ ತರಗತಿ ಸಿಕ್ಕದು.

ಮೊಬೈಲನ್ನು ಅಕ್ಕಿ ಮೂಟೆಯತ್ತ ಹಿಡಿದರೆ 'ದಾಸ್ತಾನು, ಆಸ್ತಿ' ಎಂದು ಕಾಣಬೇಕು. ಮೂಟೆ ಅಡುಗೆಮನೆಗೆ ಹೋದೊಡನೆ ಅದೇ ಅಂಕಿ ಖರ್ಚಿನ ಕಡೆಗೆ ಜಾರಬೇಕು. 60,000 ರೂಪಾಯಿಯ ಗ್ರೈಂಡರಿಗೆ ಐದು ವರ್ಷ ಬಾಳಿಕೆ ಎಂದಿಟ್ಟುಕೊಂಡರೆ, ಅದರ ಮೇಲೆ ವರ್ಷಕ್ಕೆ 12,000 ರೂಪಾಯಿ ಸವಕಳಿ ಕರಗುತ್ತ ಕಾಣಲಿ. ಇನ್ನು ಗಲ್ಲಾ. ಗಿರಾಕಿ ಕೊಟ್ಟ 105 ರೂಪಾಯಿಯಲ್ಲಿ 5 ರೂಪಾಯಿ ಕೆಂಪಗೆ ಹೊಳೆಯಬೇಕು; ಅದು ಸರಕಾರದ್ದು. 2017ರ ನವೆಂಬರ್ 15ರಿಂದ, ಕಂಪೊಸಿಷನ್ ಯೋಜನೆಯಲ್ಲಿಲ್ಲದ ನಮ್ಮಂಥ ಸಾಮಾನ್ಯ ಹೋಟೆಲುಗಳಿಗೆ ಶೇ. 5 ಜಿಎಸ್‌ಟಿ ಇದೆ, ಇನ್‌ಪುಟ್ ಕ್ರೆಡಿಟ್ ಇಲ್ಲ. ಹಾಗಾಗಿ ಗ್ರೈಂಡರ್ ಕೊಳ್ಳುವಾಗ ತೆತ್ತ ತೆರಿಗೆ ವಾಪಸು ಬಾರದು, ಅದರ ಬೆಲೆಗೇ ಸೇರಿಕೊಳ್ಳುತ್ತದೆ. ಇದನ್ನು ಹುಡುಗರಿಗೆ ಬಾಯಲ್ಲಿ ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಕಣ್ಣಿಗೆ ಕಂಡರೆ ಹೋದೀತು.

ಆದರೆ ಬೆರಗಿನಲ್ಲೇ ಪಾಠ ಮುಗಿಯಬಾರದು. ಲೂಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಜೋಡಿ ನಮೂದಿನ ಪದ್ಧತಿಯನ್ನು ಅಚ್ಚು ಹಾಕಿಸಿದಾಗ ವರ್ತಕರ ಕೈಯಲ್ಲಿದ್ದದ್ದು ಲೇಖನಿ ಮಾತ್ರ. ಕಂಡದ್ದನ್ನು ಮೊಬೈಲ್ ಮುಚ್ಚಿಟ್ಟು ಪುಸ್ತಕದ ಎರಡೂ ಬದಿಯಲ್ಲಿ ಕೈಯಿಂದ ಬರೆಸಬೇಕು. (ಕಾದ ಎಣ್ಣೆಯ ಬಾಣಲೆಯ ಬಳಿ ಮೊಬೈಲ್ ಹಿಡಿದು ನಿಲ್ಲುವುದಂತೂ ಬೇಡವೇ ಬೇಡ.)

ಮತ್ತೊಂದು ಮಾತು. ತೆರೆಯ ಮೇಲಿನ ಅಕ್ಷರ ಕನ್ನಡದಲ್ಲಿರಲಿ. ಹಗಲು ಹೋಟೆಲಿನಲ್ಲಿ ದುಡಿದು, ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಮಾಲಕರಾದವರು ನಮ್ಮಲ್ಲಿದ್ದಾರೆ. ಈ ಪಾಠ ಮಾಲಕರ ಮಕ್ಕಳಿಗಷ್ಟೇ ಅಲ್ಲ, ಊರಿನಿಂದ ಬಂದು ಉಗ್ರಾಣ ನೋಡಿಕೊಳ್ಳುವ ಹುಡುಗನಿಗೂ ಸಿಗಬೇಕು.

ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮುನ್ನ, 3ರಿಂದ 5ರ ತನಕ ನಮ್ಮ ಉಗ್ರಾಣವನ್ನು ಬಿಟ್ಟುಕೊಡಲು ನಾವು ಸಿದ್ಧ. ಆ್ಯಪ್ ಬರೆಯಬಲ್ಲ ಮಕ್ಕಳು, ಕನ್ನಡದಲ್ಲಿ ಲೆಕ್ಕ ವಿವರಿಸಬಲ್ಲ ಆಡಿಟರ್ ಸ್ನೇಹಿತರು ಇದ್ದರೆ ಸದಸ್ಯರು ಮುಂದಿನ ಸಭೆಯಲ್ಲಿ ತಿಳಿಸಬೇಕಾಗಿ ವಿನಂತಿ.