ಬಾಲ್ಕನಿ ತೋಟ: ಪುತ್ತೂರಿನವರ ಕರಿಬೇವು

ಅಂತೂ ಬಿಸಿಲು ಇಳಿಯಿತು. ಶಾರ್ಜಾದ ನರ್ಸರಿಗಳ ಮುಂದೆ ಮತ್ತೆ ಸಸಿಗಳ ಸಾಲು ಬಂದಿದೆ. ಊರಲ್ಲಿ ಮಳೆ ನೋಡಿ ಗಿಡ ನೆಡುತ್ತೇವೆ, ಇಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ನಮ್ಮ ಸೀಸನ್. ಲೇಬಲ್ ಮೇಲಿನ ಮಾತುಗಳು ಅರ್ಥವಾಗೋಲ್ಲ, ಸ್ವಲ್ಪ ಬಿಡಿಸಿ ಹೇಳಿ ಅಂತ ಕೆಲವರು ಕೇಳಿದ್ದರು. ಹೇಳುತ್ತೇವೆ. ಆದರೆ ನಾವು ಇದನ್ನೆಲ್ಲ ಓದಿ ಕಲಿತವರಲ್ಲ, ಒಂದು ಗಿಡವನ್ನು ಮುಕ್ಕಾಲು ಕೊಂದು ಕಲಿತವರು.

ಹೋದ ವರ್ಷ ಜೂನ್‌ನಲ್ಲಿ ನಮ್ಮ ರೂಮಿನ ಪುತ್ತೂರಿನವರು ವೀಸಾ ಮುಗಿಸಿ ಊರಿಗೆ ಹೊರಟರು. ಹೊರಡುವಾಗ ಪೇಂಟ್ ಡಬ್ಬಿಯಲ್ಲಿ ಆರು ವರ್ಷ ಸಾಕಿದ ಕರಿಬೇವನ್ನು ನಮಗೆ ವಹಿಸಿದರು. ಬೀಜದಿಂದ ಎಬ್ಬಿಸಿದ ಗಿಡ. ಅಡುಗೆಮನೆಯ ಕಿಟಕಿ ಪಕ್ಕ ಇರುತ್ತಿತ್ತು, ಸೊಂಟದೆತ್ತರ. ಐದು ಜನರ ಒಗ್ಗರಣೆ ಅದರ ಮೇಲೆ ನಡೆಯುತ್ತಿತ್ತು.

ನಮ್ಮದು ಅತಿ ಕಾಳಜಿ. ಕರಿಬೇವಿಗೆ 'ಫುಲ್ ಸನ್' ಬೇಕು ಎಂದು ನರ್ಸರಿಯ ಲೇಬಲ್ಲಿನಲ್ಲಿ ಓದಿದ್ದೆವು. ಅಂದರೆ ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು. ಸರಿ ಎಂದು ಮರುದಿನವೇ ಬಾಲ್ಕನಿಗೆ ಎತ್ತಿ ಇಟ್ಟೆವು. ನಾಲ್ಕೇ ದಿನದಲ್ಲಿ ಎಲೆ ಬಿಳಿಚಿ, ಹಪ್ಪಳದ ಹಾಗೆ ಗರಿಗರಿ. ಫುಲ್ ಸನ್ ಎನ್ನುವಾಗ ಬರೆದವನ ತಲೆಯಲ್ಲಿ 45 ಡಿಗ್ರಿಯ ಬಾಲ್ಕನಿ ಇರಲಿಲ್ಲ, ಕಾದ ಗೋಡೆಯೂ ಇರಲಿಲ್ಲ. ಜೊತೆಗೆ ನಮಗೆ ಗೊತ್ತಿಲ್ಲದ ಇನ್ನೊಂದು ಮಾತಿತ್ತು: 'ಹಾರ್ಡನಿಂಗ್', ಗಿಡವನ್ನು ಹೊರಗಿನ ಹವೆಗೆ ಪಳಗಿಸುವುದು. ನೆರಳಲ್ಲಿ ಬೆಳೆದ ಎಲೆ ತೆಳು, ಬಿಸಿಲು ತಡೆಯದು. ಮೊದಲ ದಿನ ಬೆಳಗಿನ ಬಿಸಿಲು ಒಂದು ಗಂಟೆ, ಹೀಗೆ ಏರಿಸುತ್ತಾ ಹತ್ತು ಹದಿನೈದು ದಿನ ತೆಗೆದುಕೊಳ್ಳಬೇಕು. ಬೇಸಿಗೆಯಲ್ಲಂತೂ ಮಧ್ಯಾಹ್ನಕ್ಕೆ ನೆರಳು ಬಲೆ ಬೇಕೇ ಬೇಕು.

ಬಾಡಿದ್ದು ನೋಡಿ ಗೊಬ್ಬರ ಹಾಕಿದೆವು. ಅದು ಎರಡನೇ ತಪ್ಪು. ಡಬ್ಬಿಯ ಮೇಲೆ 20-20-20 ಎಂದಿತ್ತು. ಸಾರಜನಕ, ರಂಜಕ, ಪೊಟ್ಯಾಷ್ ಇವು ಶೇಕಡಾ ಎಷ್ಟೆಷ್ಟು ಎಂಬ ಲೆಕ್ಕ ಅದು. ಊರಿನ ಹಟ್ಟಿಗೊಬ್ಬರದಲ್ಲಿ ಇವು ಒಂದೊಂದು ಪರ್ಸೆಂಟ್ ಮುಟ್ಟಿದರೆ ದೊಡ್ಡದು. ನಾವು ಹಟ್ಟಿಗೊಬ್ಬರದ ಕೈಯಲ್ಲೇ ಎರಡು ಚಮಚ ಸುರಿದೆವು. ರಾಸಾಯನಿಕ ಗೊಬ್ಬರವೆಂದರೆ ಉಪ್ಪು. ಮಣ್ಣಲ್ಲಿ ಉಪ್ಪು ಹೆಚ್ಚಾದರೆ ನೀರಿದ್ದರೂ ಬೇರಿಗೆ ಹೀರಲಾಗದು, ಎಲೆಯ ಅಂಚು ಸುಡುತ್ತದೆ. ನಿಮ್ಮ ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿದ್ದರೆ ಅದೇ ಇದು. ಔಷಧಿ ಸುಲಭ, 'ಲೀಚಿಂಗ್': ಅಡಿಯಿಂದ ಧಾರಾಳ ಇಳಿದುಹೋಗುವಷ್ಟು ಒಳ್ಳೆಯ ನೀರು ಹೊಯ್ದು ಉಪ್ಪು ತೊಳೆಯುವುದು. ನಾವು ಹೊಯ್ದೆವು, ಇಳಿಯಲಿಲ್ಲ. ಡಬ್ಬಿಯ ತೂತು ಆರು ವರ್ಷದ ಬೇರಿನಿಂದ ಮುಚ್ಚಿಹೋಗಿತ್ತು. ಬೇರು ಡಬ್ಬಿಯೊಳಗೇ ಚಕ್ಕುಲಿಯಂತೆ ಸುತ್ತಿಕೊಂಡಿರುವುದಕ್ಕೆ 'ರೂಟ್ ಬೌಂಡ್' ಎನ್ನುತ್ತಾರೆ.

ಜುಲೈ ಹೊತ್ತಿಗೆ ಒಂದೆಲೆ ಉಳಿಯಲಿಲ್ಲ. ವಿಡಿಯೋ ಕಾಲ್‌ನಲ್ಲಿ ಪುತ್ತೂರಿನವರು "ಕರಿಬೇವು ಹೇಗುಂಟು ಮಾರಾಯ್ರೆ?" ಎಂದಾಗ ನಾವು ನೆಟ್‌ವರ್ಕ್ ಸರಿ ಇಲ್ಲ ಅಂದೆವು.

ಬಿಸಾಡುವ ಮೊದಲು ಕಾಂಡವನ್ನು ಉಗುರಿನಿಂದ ಗೀರಿ ನೋಡಿದೆವು. ಮೇಲೆಲ್ಲ ಕಂದು, ಬುಡದಲ್ಲಿ ಒಂದು ಗೇಣು ಮಾತ್ರ ಹಸಿರು. ತೊಗಟೆಗೂ ಮರಕ್ಕೂ ನಡುವೆ 'ಕ್ಯಾಂಬಿಯಂ' ಎಂಬ ತೆಳು ಪದರ ಇರುತ್ತದೆ, ಕಾಂಡ ದಪ್ಪವಾಗುವುದು ಅದರಿಂದಲೇ. ಅದು ಒಣಗದಿದ್ದರೆ ಆಸೆ ಉಂಟು. ಒಣಗಿದ್ದನ್ನು ಕತ್ತರಿಸಿ, ದೊಡ್ಡ ಕುಂಡಕ್ಕೆ ಬದಲಿಸಿ, ಒಳಗೆ ಬೆಳಕಿರುವಲ್ಲಿ ಇಟ್ಟೆವು. ಅಕ್ಟೋಬರ್‌ನಲ್ಲಿ ಬೇರಿನಿಂದ ಎರಡು ಚಿಗುರು ಎದ್ದವು. ಇದಕ್ಕೆ 'ಸಕ್ಕರ್' ಎಂದು ಹೆಸರು. ಕಸಿ ಗುಲಾಬಿಯಲ್ಲಿ ಕಸಿಯ ಗಂಟಿನ ಕೆಳಗೆ ಸಕ್ಕರ್ ಬಂದರೆ ಕೂಡಲೇ ಕಿತ್ತುಹಾಕಿ, ಅದು ಬೇರುಗಿಡದ್ದು, ನಿಮ್ಮ ಗುಲಾಬಿಯದ್ದಲ್ಲ. ಬೀಜದ ಕರಿಬೇವಿನಲ್ಲಿ ಹಾಗಲ್ಲ, ಚಿಗುರೂ ಅದೇ ಗಿಡ. ಪುತ್ತೂರಿನವರದೇ.

ಈಗ ಎಲೆ ಕೀಳುವ ವಿಷಯಕ್ಕೆ ರೂಮಲ್ಲಿ ದಿನಾ ಜಗಳ. ನಾವು ಒಂದು ಎಸಳು ಕರಿಬೇವು ಅನ್ನುತ್ತೇವಲ್ಲ, ಸಸ್ಯಶಾಸ್ತ್ರದ ಪ್ರಕಾರ ಆ ಇಡೀ ಎಸಳೇ ಒಂದು ಎಲೆ, 'ಸಂಯುಕ್ತ ಪರ್ಣ'. ಅದರಲ್ಲಿರುವ ಚಿಕ್ಕವು ಕಿರುಎಲೆಗಳು. ಗುರುತು ಹೇಗೆ? ಎಲೆಯ ಕಂಕುಳಲ್ಲಿ ಮೊಗ್ಗು ಇರುತ್ತದೆ. ಎಸಳು ಕಾಂಡಕ್ಕೆ ಸೇರುವಲ್ಲಿ ಅದು ಕಾಣುತ್ತದೆ, ಕಿರುಎಲೆಗಳ ಬುಡದಲ್ಲಿ ಇಲ್ಲ. ಹಾಗಾಗಿ ನಾಲ್ಕು ಕಿರುಎಲೆ ಚಿವುಟಿ ಕಡ್ಡಿ ಬಿಟ್ಟರೆ ಆ ಕಡ್ಡಿಯಿಂದ ಏನೂ ಬರುವುದಿಲ್ಲ, ಒಣಗಿ ಉದುರುತ್ತದೆ. ಎಸಳು ಹಿಡಿದು ಕೆಳಕ್ಕೆ ಜಗ್ಗಿದರೆ ತೊಗಟೆಯೊಂದಿಗೆ ಮೊಗ್ಗೂ ಹರಿದುಬರುತ್ತದೆ. ಬಲಿತ ಗಿಡವಾದರೆ ತುದಿಯನ್ನೇ ಕತ್ತರಿಯಿಂದ ತೆಗೆಯಿರಿ. ತುದಿಯ ಕುಡಿ ಇರುವವರೆಗೆ ಕೆಳಗಿನ ಮೊಗ್ಗುಗಳು ಏಳಲು ಬಿಡುವುದಿಲ್ಲ; ಅದು ಹೋದರೆ ಎರಡು ಮೂರು ಕವಲು ಒಡೆಯುತ್ತವೆ.

ನಮ್ಮ ಗಿಡ ಈಗ ಮೊಣಕಾಲೆತ್ತರ. ಹೋದ ಶುಕ್ರವಾರ ಧೈರ್ಯ ಮಾಡಿ ಕ್ಯಾಮೆರಾ ತಿರುಗಿಸಿ ತೋರಿಸಿದೆವು. ಅವರು ಸ್ವಲ್ಪ ಹೊತ್ತು ನೋಡಿ, "ಇದು ನನ್ನದಲ್ಲ, ನೀವು ಹೊಸತು ತಂದದ್ದು" ಅಂದರು. ಕುಂಡ ಬಗ್ಗಿಸಿ ಕತ್ತರಿಸಿದ ಹಳೇ ಬುಡ ತೋರಿಸಿದ ಮೇಲೆ ನಕ್ಕರು. ಆಮೇಲೆ ಪೇಂಟ್ ಡಬ್ಬಿ ಎಲ್ಲಿ ಅಂತ ಕೇಳಿದರು.