ಔಷಧ ಪ್ರಯೋಗಕ್ಕೆ ಸೇರಿದ ಕ್ಯಾನ್ಸರ್ ರೋಗಿಗಳ ಪರವಾಗಿ ಮನವಿ ಪತ್ರ

ಗೆ,
ಸರ್ಕಾರದ ಪ್ರಧಾನ ಕಾರ್ಯದರ್ಶಿಯವರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ವಿಕಾಸಸೌಧ, ಬೆಂಗಳೂರು.
(ಮಾನ್ಯ ಉಪವಿಭಾಗಾಧಿಕಾರಿಗಳು, ಮಧುಗಿರಿ, ಇವರ ಮೂಲಕ)

ಇವರಿಂದ: ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಕ್ಯಾನ್ಸರ್ ರೋಗಿಗಳು ಹಾಗೂ ಅವರ ಮನೆಯವರು.

ವಿಷಯ: ಕ್ಯಾನ್ಸರ್ ಔಷಧ ಪ್ರಯೋಗಗಳಿಗೆ ಸೇರಿಸಿಕೊಂಡ ನಮ್ಮ ಭಾಗದ ರೋಗಿಗಳಿಗೆ ಒಪ್ಪಿಗೆ ಪತ್ರದ ಪ್ರತಿ, ತಾಲ್ಲೂಕು ಮಟ್ಟದಲ್ಲೇ ತುರ್ತು ಆರೈಕೆ ಮತ್ತು ನೋವು ಶಮನದ ಔಷಧ ಒದಗಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಇದೇ ವಿಷಯವಾಗಿ ನಾವು ಹಿಂದೆ ಕೊಟ್ಟ ಅರ್ಜಿಗಳಿಗೆ ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂಬ ಹಿಂಬರಹಕ್ಕಿಂತ ಹೆಚ್ಚಿನದೇನೂ ದೊರೆತಿಲ್ಲ. ಒಂದು ಅರ್ಜಿಯಂತೂ ಕಚೇರಿಯಿಂದ ಕಚೇರಿಗೆ ಸುತ್ತಿ, ನಾವು ಯಾರ ಮೇಲೆ ದೂರಿದ್ದೆವೋ ಅವರ ಮೇಜಿಗೇ ಹೋಗಿ ಕೂತಿತು. ಮೊಹರು ಬಿದ್ದ ಸ್ವೀಕೃತಿ ಪ್ರತಿಗಳನ್ನು ಲಗತ್ತು 1ರಲ್ಲಿ ಇಟ್ಟಿದ್ದೇವೆ. ಇಷ್ಟು ದಿನ ತಾಳ್ಮೆಯಿಂದ ಇದ್ದೆವು. ಈಗ ನಮ್ಮವರೊಬ್ಬರು ತೀರಿಕೊಂಡ ಮೇಲೆ ಆ ತಾಳ್ಮೆಗೆ ಅರ್ಥ ಉಳಿದಿಲ್ಲ.

ತೀರಿಕೊಂಡವರು ಪಾವಗಡ ತಾಲ್ಲೂಕಿನ ಕಡಲೆಕಾಯಿ ಬೆಳೆಗಾರರು. ಕೆನ್ನೆಯ ಒಳಭಾಗದ ಕ್ಯಾನ್ಸರ್. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ‘ಹೊಸ ಮಾತ್ರೆ ಬಂದಿದೆ, ದುಡ್ಡಿಲ್ಲ, ಸಹಿ ಹಾಕಿ’ ಎಂದರು, ಇವರು ಹಾಕಿದರು. ಊರಿಗೆ ಬಂದ ಮೇಲೆ ಒಂದು ರಾತ್ರಿ ಜ್ವರ, ನಿಲ್ಲದ ಭೇದಿ. ಹತ್ತಿರದ ಆಸ್ಪತ್ರೆಗೆ ಸೇರಿಸಿದಾಗ ರಾತ್ರಿ ಪಾಳಿಯ ವೈದ್ಯರು ಕೇಳಿದ್ದು ಸಹಜವಾದ ಪ್ರಶ್ನೆ: ಯಾವ ಔಷಧ ತೆಗೆದುಕೊಳ್ಳುತ್ತಿದ್ದಾರೆ? ಮನೆಯವರ ಕೈಯಲ್ಲಿದ್ದದ್ದು ಒಂದು ಬಿಳಿ ಡಬ್ಬಿ. ಅದರ ಮೇಲೆ ಔಷಧದ ಹೆಸರಿರಲಿಲ್ಲ, ಒಂದು ಸಂಖ್ಯೆ ಇತ್ತು. ಯಾರಿಗೆ ಯಾವ ಮಾತ್ರೆ ಎಂದು ವೈದ್ಯರಿಗೂ ರೋಗಿಗೂ ತಿಳಿಯದಂತೆ ನಡೆಸುವ ಪ್ರಯೋಗಗಳಲ್ಲಿ ಹಾಗೆಯೇ ಇರುತ್ತದೆ ಎಂಬುದು ನಮಗೂ ಈಗ ಗೊತ್ತು. ಅಪಾಯದ ಹೊತ್ತಿನಲ್ಲಿ ಆ ಸಂಕೇತ ಬಿಡಿಸಿ ಹೇಳುವ ಏರ್ಪಾಡು ಇರಲೇಬೇಕೆಂಬುದೂ ಗೊತ್ತು. ಆದರೆ ಕೊಟ್ಟಿದ್ದ ನಂಬರು ಕಚೇರಿಯ ಸ್ಥಿರ ದೂರವಾಣಿ. ರಾತ್ರಿಯೆಲ್ಲ ಗಂಟೆ ಬಾರಿಸಿತು, ಎತ್ತುವವರಿಲ್ಲ. ಕರ್ತವ್ಯದಲ್ಲಿದ್ದ ಆ ಯುವ ವೈದ್ಯರನ್ನು ನಾವು ದೂರುವುದಿಲ್ಲ. ಅವರು ಗ್ಲೂಕೋಸ್ ಹಾಕಿದರು, ತುಮಕೂರಿಗೆ ಬರೆದುಕೊಟ್ಟರು. ದಾರಿಯಲ್ಲಿ, ಮಧುಗಿರಿ ದಾಟುವ ಮೊದಲೇ ಉಸಿರು ನಿಂತಿತು.

ಮಾತ್ರೆಯಿಂದಲೇ ಸತ್ತರೆಂದು ನಾವು ಹೇಳುತ್ತಿಲ್ಲ. ರೋಗವೂ ಮುಂದುವರಿದಿತ್ತು. ಆದರೆ ಮಾತ್ರೆಯಿಂದಲ್ಲ ಎಂದು ಹೇಳುವವರಾದರೂ ಯಾವ ಆಧಾರದ ಮೇಲೆ ಹೇಳುತ್ತಾರೆ? ಸಾವಿನ ವರದಿ 24 ಗಂಟೆಯೊಳಗೆ ನೈತಿಕ ಸಮಿತಿಗೂ ಕೇಂದ್ರದ ಪರವಾನಗಿ ಪ್ರಾಧಿಕಾರಕ್ಕೂ ಹೋಯಿತೇ? ಕೇಳಲು ಹೋದ ಅವರ ಮಗನಿಗೆ ‘ನಿಮ್ಮ ಫೈಲ್ ಕ್ಲೋಸ್ ಆಗಿದೆ’ ಎಂದು ಹೇಳಿ ಕಳಿಸಿದರು. ಬಹಳ ಸಲ ಅಲೆದ ಮೇಲೆ ಒಪ್ಪಿಗೆ ಪತ್ರದ ಜೆರಾಕ್ಸ್ ಸಿಕ್ಕಿತು. ಅದು ಲಗತ್ತು 2. ದಯವಿಟ್ಟು ತಾವೇ ಕಣ್ಣಾರೆ ನೋಡಬೇಕು. ನಡುವಿನ ಒಂದು ಪುಟ ಇಲ್ಲ. ನಾಮಿನಿಯ ಹೆಸರಿನ ಜಾಗ ಖಾಲಿ. ವಾರ್ಷಿಕ ಆದಾಯದ ಜಾಗವೂ ಖಾಲಿ. ಓದು ಬಾರದವರಿಗೆ ಬೇಕಾದ ನಿಷ್ಪಕ್ಷಪಾತ ಸಾಕ್ಷಿಯ ಸಹಿ ಇದೆ. ಆ ಸಾಕ್ಷಿಯನ್ನು ಮನೆಯವರಾರೂ ಆ ದಿನ ಅಲ್ಲಿ ನೋಡಿಲ್ಲ. ಪತ್ರ ಅಚ್ಚ ಗ್ರಾಂಥಿಕ ಕನ್ನಡದಲ್ಲಿದೆ. ಸತ್ತವರು ಮನೆಯಲ್ಲಿ ಆಡುತ್ತಿದ್ದದ್ದು ತೆಲುಗು. ಮೂರು ಕಡೆಯೂ ಆಂಧ್ರವೇ ಇರುವ ಪಾವಗಡದಲ್ಲಿ ಇದು ಯಾರಿಗೂ ಹೊಸ ಸಂಗತಿಯಲ್ಲ, ಬೆಂಗಳೂರಿನವರಿಗೆ ಮಾತ್ರ ಹೊಸದು. ಡಬ್ಬಿಯ ಫೋಟೋ ಲಗತ್ತು 3, ಆ ರಾತ್ರಿ ಮಾಡಿದ ಕರೆಗಳ ವಿವರ ಲಗತ್ತು 4, ಆಸ್ಪತ್ರೆಯ ಚೀಟಿಗಳು ಮತ್ತು ಬಸ್ ಟಿಕೆಟ್ಟುಗಳು ಲಗತ್ತು 5, ಮರಣ ಪ್ರಮಾಣಪತ್ರ ಲಗತ್ತು 6, ಮಗನ ಪ್ರಮಾಣೀಕೃತ ಹೇಳಿಕೆ ಲಗತ್ತು 7. ಆಸ್ಪತ್ರೆಯ ಹೆಸರನ್ನು ಈ ಪತ್ರದಲ್ಲಿ ಬರೆದಿಲ್ಲ. ಮುಚ್ಚಿದ ಲಕೋಟೆಯಲ್ಲಿ ತಮಗೆ ಮಾತ್ರ ಕೊಟ್ಟಿದ್ದೇವೆ. ನಮ್ಮಲ್ಲಿ ಹಲವರು ಇನ್ನೂ ಅಲ್ಲೇ ಚಿಕಿತ್ಸೆಯಲ್ಲಿದ್ದಾರೆ. ಕಾರಣ ತಮಗೆ ಅರ್ಥವಾದೀತು.

2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳನ್ನು ತಮ್ಮಂಥವರಿಗೆ ನಾವು ಓದಿ ಹೇಳಬೇಕಾಗಿಲ್ಲ. ಒಪ್ಪಿಗೆ ಪತ್ರದ ಪ್ರತಿ ಕೊಡಬೇಕೆಂದಿದೆ, ಉಚಿತ ಆರೈಕೆ ಎಂದಿದೆ, ಪರಿಹಾರ ಎಂದಿದೆ. ಇದ್ದರೆ ಪಾಲಿಸಬೇಕು, ಪಾಲಿಸಲು ಆಗದಿದ್ದರೆ ನಮ್ಮ ಜನರನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳಬಾರದು.

ಸಹಿಯ ವಿಷಯದಲ್ಲಿ ಈ ದೇಶ ಒಮ್ಮೆ ಅಲ್ಲ, ಮತ್ತೆ ಮತ್ತೆ ಎಡವಿದೆ. 1999-2000ರಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ, ಅಮೆರಿಕದ ವಿಶ್ವವಿದ್ಯಾಲಯವೊಂದರ ವಿಜ್ಞಾನಿಯ ಔಷಧವನ್ನು ಬಾಯಿ ಕ್ಯಾನ್ಸರಿನ 26 ರೋಗಿಗಳ ಮೇಲೆ ಸರಿಯಾದ ಒಪ್ಪಿಗೆ ಇಲ್ಲದೆ ಪ್ರಯೋಗಿಸಿದ ಸಂಗತಿ ಆಮೇಲೆ ಹೊರಬಂದಿತು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆದಾಗ, ಹಾಸ್ಟೆಲ್ ಹುಡುಗಿಯರ ತಂದೆತಾಯಿಯ ಬದಲು ವಾರ್ಡನ್‌ಗಳು ಸಹಿ ಹಾಕಿದ್ದರು. ಲಸಿಕೆ ಒಳ್ಳೆಯದೇ, ನಮ್ಮ ಹೆಣ್ಣುಮಕ್ಕಳಿಗೂ ಬೇಕು. ಸಹಿ ಹಾಕಿಸಿದ ರೀತಿ ಕೆಟ್ಟದ್ದು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದರ ಮೇಲೆ ಕಟುವಾದ ವರದಿ ಕೊಟ್ಟಿತು. ಅದೇ ವರ್ಷ ಸುಪ್ರೀಂ ಕೋರ್ಟು ಒಪ್ಪಿಗೆಯ ಪ್ರಕ್ರಿಯೆಯನ್ನು ವಿಡಿಯೋ ಮಾಡಬೇಕೆಂದಿತು. ಇಷ್ಟೆಲ್ಲ ಆದ ಮೇಲೂ ಪಾವಗಡದ ರೈತನ ನಾಮಿನಿ ಕಾಲಂ ಖಾಲಿಯೇ.

ನಾವು ಸಂಶೋಧನೆಯ ವಿರೋಧಿಗಳೆಂದು ಯಾರೂ ತಿಳಿಯಬಾರದು. ಎಲೆ ಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ ನಮ್ಮ ಕಡೆ ಗಂಡಸು ಹೆಂಗಸು ಎನ್ನದೆ ಎಲ್ಲರ ಬಾಯಲ್ಲೂ ಇದೆ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ ಹೇಳಿ ಎಷ್ಟೋ ವರ್ಷವಾಯಿತು. ಹೀಗಾಗಿ ಬಾಯಿ ಕ್ಯಾನ್ಸರಿನ ಸಂಶೋಧನೆ ನಮ್ಮದೇ ಕೆಲಸ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರಂಭದ ಹಂತದಲ್ಲೇ ಬಾಯಿಯ ಗಡ್ಡೆಯ ಜೊತೆ ಕುತ್ತಿಗೆಯ ಗಂಟುಗಳನ್ನೂ ತೆಗೆದಾಗ ಮೂರು ವರ್ಷ ಬದುಕಿದವರು ನೂರಕ್ಕೆ 80. ಕಾದು ನೋಡಿ ಆಮೇಲೆ ತೆಗೆದಾಗ 67.5. ಅದೇ ಆಸ್ಪತ್ರೆ 2020ರಲ್ಲಿ, ಮುಂದುವರಿದ ತಲೆ-ಕುತ್ತಿಗೆ ಕ್ಯಾನ್ಸರಿಗೆ ಮೆಥೋಟ್ರೆಕ್ಸೇಟ್ ಮತ್ತು ಸೆಲೆಕಾಕ್ಸಿಬ್ ಎಂಬ ಹಳೆಯ, ಅಗ್ಗದ ಮಾತ್ರೆಗಳು ಸಿಸ್‌ಪ್ಲಾಟಿನ್ ಇಂಜೆಕ್ಷನ್ನಿಗಿಂತ ಕಡಿಮೆಯಲ್ಲ ಎಂದು ತೋರಿಸಿತು. ಮನೆಯಲ್ಲೇ ನುಂಗಬಹುದಾದ ಮಾತ್ರೆ! ಲಕ್ಷಗಟ್ಟಲೆ ಬೆಲೆಯ ನಿವೋಲುಮ್ಯಾಬ್ ಎಂಬ ಔಷಧವನ್ನು 240 ಮಿಲಿಗ್ರಾಂ ಬದಲು ಬರೀ 20 ಮಿಲಿಗ್ರಾಂ ಕೊಟ್ಟು, ಅದನ್ನು ಇಂಥ ಮಾತ್ರೆಗಳ ಜೊತೆ ಸೇರಿಸಿದಾಗ ಒಂದು ವರ್ಷ ಬದುಕಿದವರು ನೂರಕ್ಕೆ 16ರಿಂದ 43ಕ್ಕೆ ಏರಿದ್ದೂ ಅಲ್ಲಿಯ ಕೆಲಸವೇ. ಕೀಮೋ ವಾಂತಿಗೆ ಒಲಾಂಜಪೀನ್ 10 ಮಿಲಿಗ್ರಾಂ ಬೇಕಿಲ್ಲ, 2.5 ಸಾಕು, ಮಂಪರೂ ಕಡಿಮೆ ಎಂಬುದು 2024ರಲ್ಲಿ ಬಂತು. ಇವೆಲ್ಲ ಬಡವರ ಮೈಮೇಲೆ ನಡೆದ, ಬಡವರಿಗೆ ಬೇಕಾದ ಸಂಶೋಧನೆಗಳು. ಆದರೆ ಇವುಗಳ ಫಲ ನಮ್ಮ ತಾಲ್ಲೂಕುಗಳಿಗೆ ಬಂದಿಲ್ಲ. ವಾಂತಿ ನಿಲ್ಲಿಸುವ ಒಂದು ಮಾತ್ರೆಗಾಗಿ ನಮ್ಮ ರೋಗಿಗಳು ಇಂದಿಗೂ ವಾಂತಿ ಮಾಡಿಕೊಂಡೇ ಬೆಂಗಳೂರಿನ ಬಸ್ಸು ಹತ್ತುತ್ತಾರೆ.

ಪ್ರಯೋಗಾಲಯದ ಮಾತೂ ಇದೆ. ಬಯಾಪ್ಸಿಯ ಚೂರನ್ನು ಮೇಣದಲ್ಲಿ ಇಟ್ಟು ಕಾಪಾಡುವ ‘ಬ್ಲಾಕ್’ ಅನ್ನು ಎರಡನೆಯ ಅಭಿಪ್ರಾಯಕ್ಕಾಗಿ ಕೇಳಿದರೆ ‘ರಿಸರ್ಚಿಗೆ ಹೋಗಿದೆ’ ಎನ್ನುತ್ತಾರೆ. ಯಾವ ರಿಸರ್ಚು, ಯಾರ ಅಪ್ಪಣೆ ಮೇಲೆ, ಫಲಿತಾಂಶ ಏನಾಯಿತು? ಶಿರಾದ ಒಬ್ಬ ತಾಯಿಯ ಸ್ತನದ ಗಡ್ಡೆಯ ಬ್ಲಾಕ್ ಹೀಗೆ ಹೋಯಿತು. ಬೇರೆ ಕಡೆ ಚಿಕಿತ್ಸೆ ಶುರುವಾಗಲು ಮತ್ತೆ ಸೂಜಿ ಹಾಕಿಸಿಕೊಳ್ಳಬೇಕಾಯಿತು (ಲಗತ್ತು 8).

ಇನ್ನೊಂದು ವಿಷಯ ಸಂಕೋಚದಿಂದ ಹೇಳುತ್ತೇವೆ. ಕೊರಟಗೆರೆಯ ಸಿದ್ಧರಬೆಟ್ಟದ ಬೇರು ನಾರಿನ ಔಷಧ ನಮ್ಮಲ್ಲಿ ಅನೇಕರು ಕುಡಿಯುತ್ತಾರೆ, ಪ್ರಯೋಗದಲ್ಲಿದ್ದಾಗಲೂ ಕುಡಿಯುತ್ತಾರೆ, ಬೈಯುತ್ತಾರೆಂದು ವೈದ್ಯರಿಗೆ ಹೇಳುವುದಿಲ್ಲ. ಅದು ಲಿವರಿಗೆ ತೊಂದರೆ ಮಾಡಬಹುದು, ಪ್ರಯೋಗದ ಲೆಕ್ಕವನ್ನೇ ಕೆಡಿಸಬಹುದು. ಗದರದೆ ಕೇಳುವ ಒಬ್ಬ ಸ್ಥಳೀಯ ಆಪ್ತ ಸಮಾಲೋಚಕರಿದ್ದರೆ ಇದನ್ನು ಬಾಯಿಬಿಟ್ಟು ಹೇಳುತ್ತಾರೆ.

ನೋವಿನ ವಿಷಯ ಚಿಕ್ಕದಾಗಿ ಹೇಳಿದರೂ ಚಿಕ್ಕದಲ್ಲ. ಪಾವಗಡದ ಫ್ಲೋರೈಡ್ ನೀರು ಕುಡಿದವರ ಮೂಳೆ ನೋವು ಎಲ್ಲರಿಗೂ ಗೊತ್ತಿರುವುದೇ. ಅದರಿಂದಾಗಿ ಮೂಳೆಗೆ ಹರಡಿದ ಕ್ಯಾನ್ಸರಿನ ನೋವನ್ನೂ ‘ನೀರಿನ ನೋವು’ ಎಂದು ತಳ್ಳಿಹಾಕಿ ನೋವಿನ ಇಂಜೆಕ್ಷನ್ ಚುಚ್ಚಿ ಕಳಿಸುತ್ತಾರೆ. ಮಾರ್ಫಿನ್ ಮಾತ್ರೆ ಕೇಳಿದರೆ ಕಳ್ಳರನ್ನು ನೋಡಿದಂತೆ ನೋಡುತ್ತಾರೆ. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ತಂದದ್ದೇ ಈ ಕಷ್ಟ ತಪ್ಪಿಸಲು. ನೋವಿನ ಮಾತ್ರೆಗಾಗಿ ಸಾಯುತ್ತಿರುವ ಮನುಷ್ಯನನ್ನು ಬೆಂಗಳೂರಿಗೆ ಕರೆತನ್ನಿ ಎನ್ನುವುದು ಯಾವ ಚಿಕಿತ್ಸೆ?

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ನಮ್ಮ ನಾಲ್ಕು ತಾಲ್ಲೂಕಿನ ಯಾರೇ ಪ್ರಯೋಗಕ್ಕೆ ಸೇರಿದರೂ, ಅವರು ಮನೆಯಲ್ಲಿ ಆಡುವ ಮಾತಿನಲ್ಲಿ, ಕನ್ನಡ, ತೆಲುಗು ಅಥವಾ ಉರ್ದುವಿನಲ್ಲಿ, ವಿವರಿಸಿ, ಪೂರ್ತಿ ಪತ್ರದ ಪ್ರತಿಯನ್ನು ಅದೇ ದಿನ ಕೈಗೆ ಕೊಡಬೇಕು. ಜೊತೆಗೆ ಒಂದು ಕಾರ್ಡು: ಪ್ರಯೋಗದ ನೋಂದಣಿ ಸಂಖ್ಯೆ, ಹಗಲು ರಾತ್ರಿ ಎತ್ತುವ ಮೊಬೈಲ್ ನಂಬರು, ತುರ್ತಿನಲ್ಲಿ ಏನು ಮಾಡಬೇಕೆಂಬ ನಾಲ್ಕು ಸಾಲು. ಆ ಕಾರ್ಡನ್ನು ಗುರುತಿಸಬಲ್ಲ ಒಬ್ಬ ವೈದ್ಯರು ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಇರಬೇಕು. ಪ್ರತಿ ತಾಲ್ಲೂಕಿನಲ್ಲಿ ಒಂದು ಆಸ್ಪತ್ರೆಯನ್ನಾದರೂ ಮಾರ್ಫಿನ್ ಇಟ್ಟುಕೊಳ್ಳುವ ಮಾನ್ಯತೆ ಪಡೆದ ಸಂಸ್ಥೆಯಾಗಿ ಮಾಡಬೇಕು. 2025-26ರ ಕೇಂದ್ರ ಬಜೆಟ್ಟಿನಲ್ಲಿ ಹೇಳಿದ ಡೇ ಕೇರ್ ಕ್ಯಾನ್ಸರ್ ಕೇಂದ್ರಗಳನ್ನು ಜಿಲ್ಲಾ ಕೇಂದ್ರಕ್ಕೇ ನಿಲ್ಲಿಸದೆ, ಉಪವಿಭಾಗ ಕೇಂದ್ರವಾದ ಮಧುಗಿರಿಗೂ ತರಬೇಕು. ಮೃತರ ಪ್ರಕರಣವನ್ನು, ಆ ಆಸ್ಪತ್ರೆಗೆ ಸಂಬಂಧವಿಲ್ಲದ ವೈದ್ಯರಿಂದ ತನಿಖೆ ಮಾಡಿಸಿ, ವರದಿಯ ಪ್ರತಿಯನ್ನು ಮಗನಿಗೆ ಕೊಡಬೇಕು.

ಇವುಗಳ ಜೊತೆ ಕೆಲವು ಸಣ್ಣಪುಟ್ಟ ಕೋರಿಕೆಗಳೂ ಇವೆ. ಹೊರರೋಗಿ ವಿಭಾಗದಲ್ಲಿ ಬೆಂಚು, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ. ‘ಶಕ್ತಿ’ ಯೋಜನೆಯಂತೆ ರೋಗಿಯ ಜೊತೆ ಬರುವ ಗಂಡಸಿಗೂ ಉಚಿತ ಬಸ್ಸು. ರೈಲಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ ರಿಯಾಯಿತಿ ಇದೆಯೆಂದು ಹೇಳುತ್ತಾರೆ. ಅದನ್ನು ಬಳಸೋಣವೆಂದರೆ ನಮ್ಮ ಕಡೆಯ ರೈಲು ಮಾರ್ಗದ ಕಾಮಗಾರಿ ಇನ್ನೂ ನಡೆಯುತ್ತಲೇ ಇದೆ. ಆಪ್ತ ಸಮಾಲೋಚಕರನ್ನು ನೇಮಿಸುವಾಗ ರೋಗಿಗಳ ಮನೆಯ ವಿದ್ಯಾವಂತ ಹೆಣ್ಣುಮಕ್ಕಳಿಗೆ ಆದ್ಯತೆ ಇರಲಿ.

ಇದಕ್ಕೂ ಹಿಂಬರಹವೇ ಬಂದರೆ ಸಾಕಾಗುವುದಿಲ್ಲ ಎಂದು ವಿನಯದಿಂದ ತಿಳಿಸುತ್ತೇವೆ. 15 ದಿನದೊಳಗೆ, ಯಾವ ಅಧಿಕಾರಿ ಏನು ಮಾಡಲಿದ್ದಾರೆಂಬ ಲಿಖಿತ ಉತ್ತರ ಬೇಕು. ಬಾರದಿದ್ದರೆ ಮಧುಗಿರಿ ಉಪವಿಭಾಗಾಧಿಕಾರಿಗಳ ಕಚೇರಿಯ ಮುಂದೆ ಧರಣಿ ಕೂರುತ್ತೇವೆ. ಕೂರಲಾಗದ ರೋಗಿಗಳ ಪರವಾಗಿ ಅವರ ಮನೆಯವರು ಕೂರುತ್ತಾರೆ. ಅಲ್ಲಿಯವರೆಗೆ, ಪ್ರತಿ ಕೈಗೆ ಬರದ ಯಾವ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಬೇಡಿ ಎಂದು ನಾಲ್ಕೂ ತಾಲ್ಲೂಕಿನ ನಮ್ಮವರಿಗೆ ಹೇಳುತ್ತಿದ್ದೇವೆ.


ಇಂತಿ ತಮ್ಮ ವಿಶ್ವಾಸಿಗಳು,
ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ರೋಗಿಗಳು ಮತ್ತು ಮನೆಯವರು
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳ ಹಾಳೆ ಲಗತ್ತು 9)